ಎಲ್ಲವನ್ನೂ ಪಾಸ್ ಮಾಡಿದ ಯಂತ್ರ

ಎಂಬತ್ತರ ದಶಕದ ಕೊನೆಗೆ ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಅಲ್ಲಿ ಸ್ಕೂಟರಿನ ಬ್ರೇಕ್ ಡ್ರಮ್ ಎರಕ ಹೊಯ್ಯುತ್ತಿದ್ದರು. ಡ್ರಮ್ಮನ್ನು ತಟ್ಟಿದಾಗ ಬರುವ ಸದ್ದಿನಿಂದ ಬಿರುಕು ಇದೆಯೋ ಇಲ್ಲವೋ ಎಂದು ಕಂಪ್ಯೂಟರ್ ಹೇಳಬೇಕು. ಅದಕ್ಕಾಗಿ, ಉದಾಹರಣೆಗಳಿಂದ ತಾನೇ ಕಲಿಯುವ ನ್ಯೂರಲ್ ನೆಟ್‌ವರ್ಕ್ ಎಂಬ ಪ್ರೋಗ್ರಾಮಿಗೆ ಪಾಠ ಕಲಿಸುವುದು ನನ್ನ ಪಾಲಿನ ಕೆಲಸ. ಯುಗಾದಿಯೊಳಗೆ ಯಂತ್ರ ಕಲಿತರೆ ಕೆಲಸ ಕಾಯಂ ಎಂದಿದ್ದರು ಮಾಲೀಕರು. ಕಾಯಂ ಆಗದಿದ್ದರೆ ಮದುವೆ ಎಂದಿದ್ದರು ಮನೆಯಲ್ಲಿ.

ಮೊದಲ ಪರೀಕ್ಷೆಯಲ್ಲೇ ಹೆಚ್ಚುಕಡಿಮೆ ಎಲ್ಲ ಉತ್ತರಗಳೂ ಸರಿ ಬಂದವು. ಮಾಲೀಕರು ಮೈಸೂರುಪಾಕ್ ಹಂಚಿದರು. ಮಾರನೆಯ ದಿನ ನೋಡಿದರೆ, ಬಿರುಕು ಬಿಟ್ಟ ಡ್ರಮ್ಮನ್ನೂ ಅದು ಒಳ್ಳೆಯದೆನ್ನುತ್ತಿದೆ! ನಾನು ಕೊಟ್ಟ ರಾಶಿಯಲ್ಲಿ ಕೆಟ್ಟವು ಬೆರಳೆಣಿಕೆಯಷ್ಟು. ಕಣ್ಣು ಮುಚ್ಚಿಕೊಂಡು ಎಲ್ಲದಕ್ಕೂ ‘ಒಳ್ಳೆಯದು’ ಎಂದರೂ ಪಾಸಾಗಬಹುದೆಂದು ಆ ಸೋಮಾರಿ ಕಂಡುಕೊಂಡಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

ಇನ್ನಷ್ಟು ಕೆಟ್ಟ ಡ್ರಮ್ಮುಗಳು ಬೇಕಿದ್ದವು. ಆದರೆ ಬಿರುಕು ಕಂಡ ತಕ್ಷಣ, ಒಳ್ಳೆಯವುಗಳ ಜೊತೆ ಸೇರಿಬಿಟ್ಟೀತೆಂದು, ಒಡೆದು ಕುಲುಮೆಗೆ ಹಾಕುವುದು ಅಲ್ಲಿನ ಪದ್ಧತಿ. ನನ್ನ ಪೇಚಾಟ ನೋಡಲಾಗದೆ ಮೇಸ್ತ್ರಿ ಒಂದು ಬೆಳಿಗ್ಗೆ ಬುಟ್ಟಿ ತುಂಬಾ ತಂದಿಟ್ಟರು.

“ತಗೊಳ್ಳಿ ಮೇಡಂ, ನಿಮಗೋಸ್ಕರ ಸುತ್ತಿಗೇಲಿ ಹೊಡ್ದು ಬಿರುಕು ಬಿಡ್ಸಿದೀನಿ!”

ಸುತ್ತಿಗೆಯ ಬಿರುಕು ಬಾಯಿಬಿಟ್ಟ ಬಿರುಕು. ಎರಕದಲ್ಲಿ ಬರುವುದು ಕೂದಲೆಳೆಯಂಥದ್ದು. ಯಂತ್ರ ಮೊದಲನೆಯದನ್ನು ಕಲಿತು ಎರಡನೆಯದನ್ನು ಆರಾಮವಾಗಿ ಬಿಟ್ಟುಕಳಿಸಿತು. ಅಷ್ಟು ಪ್ರೀತಿಯಿಂದ ಹೊಡೆದುಕೊಟ್ಟವರನ್ನು ಬೈಯುವುದು ಹೇಗೆ?

ಕೆಟ್ಟವನ್ನು ಒಡೆಯಬೇಡಿ ಎಂದು ಕೈಮುಗಿದೆ. ಹಾಗೆ ಸಿಕ್ಕ ಕೆಲವನ್ನೇ ಮತ್ತೆ ಮತ್ತೆ ಕೇಳಿಸಿ, ಒಳ್ಳೆಯವನ್ನು ಕಡಿಮೆ ಮಾಡಿ ಕಲಿಸಿದೆ. ಈಗ ಅದು ನಿಜವಾದ ಬಿರುಕನ್ನು ಹಿಡಿಯಿತು. ಜೊತೆಗೆ ಕೆಲವು ಒಳ್ಳೆಯವನ್ನೂ ತಡೆಯಿತು. ತಡೆದದ್ದನ್ನು ಕೈಯಲ್ಲಿ ಇನ್ನೊಮ್ಮೆ ತಟ್ಟಿ ನೋಡಿದರಾಯಿತು ಎಂದೆ. ಮಾಲೀಕರ ಮುಖ ಗಂಟಾಯಿತು.

“ಮೊದಲ್ನೇದೇ ಚೆನ್ನಾಗಿತ್ತಲ್ಲಮ್ಮ. ಅದನ್ನೇ ಹಾಕ್ಬಿಡಿ, ನಾಳೆಯಿಂದ್ಲೇ ಕಾಯಂ ಮಾಡ್ತೀನಿ.”

“ಆಗಲ್ಲ ಸಾರ್. ಅದು ಬ್ರೇಕು.”

ಕೆಲಸ ಹೋಯಿತು. ವಿಜಯನಗರದ ಮನೆಗೆ ಬಂದು ಗೋಳೋ ಎಂದು ಅತ್ತೆ. ಆ ಭಾನುವಾರವೇ ಗಂಡಿನ ಕಡೆಯವರು ಬಂದು ಉಪ್ಪಿಟ್ಟು, ಕೇಸರಿಬಾತ್ ತಿಂದು ಹೋದರು. ಅಪ್ಪ ಬಾಗಿಲು ಹಾಕಿ ಬಂದು, “ಒಳ್ಳೇ ಹುಡುಗ ಕಣಮ್ಮ” ಎಂದರು. ಅಕ್ಕನ ಗಂಡನನ್ನು ನೋಡಿದಾಗಲೂ ಹೀಗೇ ಎಂದಿದ್ದರು. ಮದುವೆಯಾದ ವರ್ಷದೊಳಗೇ ಅಕ್ಕ ತವರಿಗೆ ವಾಪಸ್ಸಾಗಿ, ಆಗ ಒಳಗೆ ತಟ್ಟೆ ತೊಳೆಯುತ್ತಿದ್ದಳು.

“ಅಪ್ಪ, ನೀವು ಇದುವರೆಗೂ ಯಾವ ಹುಡುಗನ್ನಾದ್ರೂ ಬೇಡ ಅಂದಿದೀರಾ?” ಎಂದು ಕೇಳಿದೆ.

ಅಪ್ಪ ತಟ್ಟೆಯ ಸದ್ದು ಬರುತ್ತಿದ್ದ ಕಡೆ ತಿರುಗಿ ನೋಡಿದರು. ಆಮೇಲೆ, “ಇನ್ನೊಂದು ಕೆಲಸ ನೋಡ್ಕೊಳಮ್ಮ” ಎಂದರು.