ಕಣ್ಣಿಗೆ ಹಿಡಿಯಲಾಗದ ಕ್ಯಾಮೆರಾ

ಭಾಲ್ಕಿಯ ಸುಶೀಲಕುಮಾರನ ಮುಖ ಹೇಗಿದೆ ಎಂದು ಯಾರನ್ನಾದರೂ ಕೇಳಿ, ಥಟ್ಟನೆ ಹೇಳಲು ಬರುವುದಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನ ಫೋಟೋ ಸ್ಟುಡಿಯೋ ಇದೆ. ಖಟಕ ಚಿಂಚೋಳಿಯಿಂದ ಔರಾದದವರೆಗೆ ಅವನು ಕಾಲಿಡದ ಮದುವೆ ಮನೆ ಕಡಿಮೆ. ಆದರೂ ಜನ ಕಂಡದ್ದೆಲ್ಲ ಒಂದು ಬಕ್ಕತಲೆ, ಎರಡು ಮೊಣಕೈ, ನಡುವೆ ಎಮ್ಮೆತಲೆಯಂಥ ಕರಿ ಕ್ಯಾಮೆರಾ. ಹೆಂಡತಿ ವಿಶಾಖಾ ಅದಕ್ಕೆ ಸವತಿ ಎಂದೇ ಹೆಸರಿಟ್ಟಿದ್ದಳು. ಊಟಕ್ಕೆ ಕರೆಯುವಾಗ, ನನ್ನ ಸವತಿನ್ನ ಇಳಸಿ ಬರ್ರಿ, ಎನ್ನುತ್ತಿದ್ದಳು.

ಸವತಿ ಗಟ್ಟಿಮುಟ್ಟಾಗಿ ಉಳಿಯಿತು. ವಿಶಾಖಾ ಕಳೆದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳು.

ಈ ಸೀಮೆಯಲ್ಲಿ ಒಂದು ಪದ್ಧತಿ ಇದೆ. ಹೆಣ ಎತ್ತುವ ಮುಂಚೆ ಮನೆಮಂದಿಯೆಲ್ಲ ಸುತ್ತ ಕೂತು ಕೊನೆಯ ಫೋಟೋ ತೆಗೆಸಿಕೊಳ್ಳುತ್ತಾರೆ. ಅಂದೂ ಎಲ್ಲರೂ ಕೂತರು. ಯಾರೋ ಅಭ್ಯಾಸದಂತೆ, ಫೋಟೋದಾಂವ ಎಲ್ಲಿ, ಎಂದು ಕೇಳಿದರು. ಕೇಳಿದ್ದೇ ತಡ ಸುಶೀಲಕುಮಾರ ಎದ್ದ. ಒಳಗೆ ಹೋಗಿ ಕ್ಯಾಮೆರಾ ತಂದು ಕಣ್ಣಿಗೆ ಹಿಡಿದ. ಇನ್ನಷ್ಟು ಹತ್ತಿರ ಸರೀರಿ ಎಂದ. ತಾಯಿಯ ತಲೆಯ ಬಳಿ ಕೂತು ಅಳುತ್ತಿದ್ದ ಒಬ್ಬಳೇ ಮಗಳು ಕಾಜಲಳಿಗೆ ಹೇಳಿದ:

“ಜರಾ ಈ ಕಡಿ ನೋಡವಾ.”

ಎಲ್ಲ ಮದುವಣಗಿತ್ತಿಯರಿಗೂ ಹೇಳುವ ದನಿಯಲ್ಲೇ ಹೇಳಿದ. ಫೋಟೋ ಚೆನ್ನಾಗಿ ಬಂತು. ಅದರಲ್ಲಿ ಅತ್ತೆ, ಮಾವ, ನೆರೆಮನೆಯವರು, ಎಲ್ಲರೂ ಇದ್ದಾರೆ. ಗಂಡ ಮಾತ್ರ ಇಲ್ಲ.

ಊರ ಬಾಯಿಗೆ ಮುಚ್ಚಳ ಎಲ್ಲಿ ಸಿಗುತ್ತದೆ? ಕಲ್ಲಾದರೂ ಕರಗೀತು, ಇವ ಕರಗಲಿಲ್ಲ ಎಂದು ಆಡಿಕೊಂಡರು. ಮಾತು ಅವನ ಕಿವಿಗೂ ಬಿತ್ತು. ಅವನಿಗೆ ಸಿಟ್ಟು ಬರಲಿಲ್ಲ, ಬೇಸರವೂ ಆಗಲಿಲ್ಲ. ಅಂದಿನಿಂದ ಅವನಿಗೆ ಏನೂ ಆಗುತ್ತಿರಲಿಲ್ಲ. ಪುಂಡಿಪಲ್ಯ ತಿಂದರೆ ಹುಳಿ ತಿಳಿಯುತ್ತಿತ್ತು, ರುಚಿ ತಿಳಿಯುತ್ತಿರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಹೇಗಿರುತ್ತದೋ ಮನುಷ್ಯನೇ ಹಾಗಿದ್ದ. ಕೆಲಸವನ್ನೇನೋ ಬಿಡಲಿಲ್ಲ. ಕರೆದಲ್ಲಿ ಹೋಗುವುದು, ಕ್ಯಾಮೆರಾದ ಹಿಂದೆ ಮುಖ ಇಡುವುದು, ಕತ್ತಲಾದ ಮೇಲೆ ಮನೆಗೆ ಬರುವುದು.

ಕಾಜಲ ಬೀದರದ ಕೊಳಾರದಲ್ಲಿ ಒಂದು ಗೋದಾಮಿನ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಈ ವರ್ಷ ಅವಳ ಮದುವೆ ಗೊತ್ತಾಯಿತು. ಹುಡುಗ ಔರಾದದ ಅಮೋಲ್, ಸಾಲಿ ಮಾಸ್ತರ, ಬಾಯಿ ಕಡಿಮೆ, ನಗು ಜಾಸ್ತಿ. ಸೀರೆ, ಬಂಗಾರ ಯಾವುದಕ್ಕೂ ಹಟ ಹಿಡಿಯದ ಕಾಜಲ ಒಂದೇ ಮಾತಿಗೆ ಗಂಟುಬಿದ್ದಳು. ಮದುವೆಯ ಫೋಟೋ ಅಪ್ಪ ತೆಗೆಯಕೂಡದು. ಅವ್ವ ಇದ್ದಿದ್ದರೆ ಎಲ್ಲಿ ನಿಲ್ಲುತ್ತಿದ್ದಳೋ ಅಲ್ಲಿ, ತನ್ನ ಪಕ್ಕದಲ್ಲಿ ನಿಲ್ಲಬೇಕು.

ಕೈ ಖಾಲಿ ಇಟ್ಟುಕೊಂಡು ನಿಲ್ಲಲು ತನಗೆ ಬರುವುದಿಲ್ಲ ಎಂದ ಅಪ್ಪ. ಅದು ನೆವವಲ್ಲ, ಖರೇ ಮಾತು. ತಂದೆಮಗಳು ಜಗ್ಗಾಡಿ ಕೊನೆಗೊಂದು ರಾಜಿಗೆ ಬಂದರು. ಅಂಗಿಯ ಕಿಸೆಯಲ್ಲಿ ಹಿಡಿಸುವಂಥ ಸಣ್ಣ, ಹಗುರ ಕ್ಯಾಮೆರಾ ಒಂದನ್ನು ಕೊಳ್ಳುವುದು. ಅದೊಂದು ಕೈಯಲ್ಲಿರಲಿ. ಆದರೆ ನಿಲ್ಲುವುದು ಮಗಳ ಪಕ್ಕದಲ್ಲಿ.

ಬೀದರದಲ್ಲಿ ಕ್ಯಾಮೆರಾ ಅಂಗಡಿ ಇಟ್ಟಿದ್ದ ಅಮಿತಕುಮಾರ ಅವನ ಹಳೆಯ ಗೆಳೆಯ. ತಂದೆಮಗಳು ಇಬ್ಬರೂ ಅಲ್ಲಿಗೆ ಹೋದರು. ಅವನು ಗಾಜಿನ ಮೇಜಿನ ಮೇಲೆ ಎರಡನ್ನು ತಂದಿಟ್ಟ. ಎರಡೂ ಮಿರರ್‌ಲೆಸ್. ಹಳೆಯದರ ಹೊಟ್ಟೆಯಲ್ಲಿ ಏಳುತ್ತ ಬೀಳುತ್ತ ಟಕ್ ಎನ್ನುವ ಕನ್ನಡಿ ಇವುಗಳಲ್ಲಿ ಇಲ್ಲ. ಹಾಗಾಗಿ ಮೈ ತೆಳು, ತೂಕ ಒಂದು ದೊಡ್ಡ ಮಾವಿನಕಾಯಿಯಷ್ಟು. ಒಂದರ ಹಿಂಬದಿಯಲ್ಲಿ ಕಣ್ಣಿಟ್ಟು ನೋಡುವ ಕಿಂಡಿ ಇತ್ತು. ಇನ್ನೊಂದು ಅದಕ್ಕಿಂತ ಸಣ್ಣದು, ಅದಕ್ಕೆ ಕಿಂಡಿಯೇ ಇಲ್ಲ. ಮೊಬೈಲಿನಂತೆ ಎದೆಯ ಮುಂದೆ ಹಿಡಿದು ಹಿಂದಿನ ಪರದೆ ನೋಡಬೇಕು.

ಕಿಂಡಿ ಇದ್ದದ್ದನ್ನು ಸುಶೀಲಕುಮಾರ ಕಣ್ಣಿಗೆ ಹಿಡಿದ. ಹುಬ್ಬಿಗೆ ರಬ್ಬರ್ ತಾಗಿದ್ದೇ ಮನೆಗೆ ಬಂದು ಬಾಗಿಲು ಹಾಕಿಕೊಂಡಂತಾಯಿತು. ಇನ್ನೊಂದನ್ನೂ ಹಾಗೇ ಎತ್ತಿದ, ಪರದೆ ಮೂಗಿಗೆ ಬಡಿಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಅಮಿತಕುಮಾರ ನಕ್ಕ.

ಅಷ್ಟರಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಸಲು ಅನ್ವರಿ ಬೇಗಂ ಎಂಬ ಮುದುಕಿ ಬಂದಳು. ಇವರದ್ದೇ ತೆಗೆದು ನೋಡು ಎಂದ ಅಮಿತಕುಮಾರ. ಸುಶೀಲಕುಮಾರ ಕಿಂಡಿಯಿಲ್ಲದ್ದನ್ನು ಎದೆಮಟ್ಟಕ್ಕೆ ಹಿಡಿದು ಒತ್ತಿದ. ಸದ್ದೇ ಆಗಲಿಲ್ಲ. ಟಕ್ ಎನ್ನುವುದನ್ನು ಕಾಯುತ್ತ ಮುದುಕಿ ಉಸಿರು ಬಿಗಿಹಿಡಿದು ಕೂತೇ ಇದ್ದಳು. ಕೂತವಳಿಗೆ ನೋಡಲು ಬೇರೇನೂ ಇರಲಿಲ್ಲ, ಅವನ ಮುಖವನ್ನೇ ನೋಡಿದಳು. ಫೋಟೋ ಆಯಿತೆಂದು ತಿಳಿದ ಮೇಲೂ ಏಳದೆ ಮೆಲ್ಲಗೆ ಕೇಳಿದಳು:

“ಮನ್ಯಾಗ ಎಲ್ಲಾ ಖೈರಿಯತ್ ಅದ ಇಲ್ಲಪಾ?”

ಎಲ್ಲಾ ಚೊಲೋ ಅದ ರೀ ಎಂದ ಅವನು. ಕ್ಯಾಮೆರಾವನ್ನು ಬಿಸಿ ಹಂಚು ಮುಟ್ಟಿದವನಂತೆ ಮೇಜಿನ ಮೇಲಿಟ್ಟ. ಮುದುಕಿ ಹೋದ ಮೇಲೆ ಕಿಂಡಿ ಇದ್ದದ್ದನ್ನೇ ಕಟ್ಟಿಕೊಡಲು ಹೇಳಿದ. ಅಮಿತಕುಮಾರ ಡಬ್ಬಿ ಹುಡುಕಲು ಒಳಗೆ ಹೋದ.

ಕಾಜಲ ಮೇಜಿನ ಗಾಜನ್ನು ನೋಡುತ್ತ ಹೇಳಿದಳು:

“ಅಪ್ಪಾ, ಅವ್ವ ಹೋದ ದಿನ ನಾ ನಿನ್ನ ಮುಖ ಹುಡುಕ್ದೆ. ಕ್ಯಾಮೆರಾನೇ ಕಾಣ್ತು. ಅದರ ಹಿಂದ ನೀ ಅಳ್ಲತ್ತಿದ್ದಿ ಅಂತ ತಿಳ್ಕೊಂಡು ಇಷ್ಟು ದಿನ ಹ್ಯಾಂಗೋ ಕಳದೀನಿ. ಖರೇ ಹೇಳು, ಅಳ್ಲತ್ತಿದ್ದಿ ಏನು?”

ಈ ಮಾತು ಎದೆಗೆ ನಾಟಬೇಕಿತ್ತು. ನಾಟಲಿಲ್ಲ. ಕೇಳಿತು, ಅರ್ಥವೂ ಆಯಿತು, ಅಷ್ಟೇ. ಅವನು ಬಹಳ ಹೊತ್ತು ನೆನಪು ಮಾಡಿಕೊಂಡ. ಕಿಂಡಿಯೊಳಗೆ ಬೆಳಕು ಸಾಲದೆ ಇದ್ದದ್ದು ನೆನಪಾಯಿತು, ಎಡಗಡೆ ಯಾರದೋ ಮಂಡಿ ಅಡ್ಡ ಬಂದದ್ದು ನೆನಪಾಯಿತು. ತಾನು ಅತ್ತದ್ದು, ಅಳದೆ ಇದ್ದದ್ದು ಎರಡೂ ನೆನಪಾಗಲಿಲ್ಲ.

“ಗೊತ್ತಿಲ್ಲವಾ,” ಎಂದ.

ಕಾಜಲ ತಲೆಯಾಡಿಸಿದಳು. ಅಮಿತಕುಮಾರ ಡಬ್ಬಿ ತಂದಾಗ ಸುಶೀಲಕುಮಾರ ಅದನ್ನು ವಾಪಸ್ ಸರಿಸಿ ಸಣ್ಣದೇ ಇರಲಿ ಎಂದ. ಮಗಳ ಮೇಲಿನ ಮಮತೆ ಉಕ್ಕಿ ಹಾಗೆಂದನೆಂದು ಬರೆದರೆ ಸುಳ್ಳಾದೀತು. ಅವಳು ಮತ್ತೆ ಹುಡುಕಿದರೆ ಮುಖ ಕಾಣಲಿ, ಅಷ್ಟೇ ಲೆಕ್ಕ ಹಾಕಿದ.

ಕೈ ಕೂರಲೆಂದು ಆ ಕ್ಯಾಮೆರಾವನ್ನು ಕಿಸೆಯಲ್ಲಿಟ್ಟುಕೊಂಡೇ ಭಾಲ್ಕಿಯಲ್ಲಿ ಓಡಾಡಿದ. ಚಹಾದಂಗಡಿಯ ಹಬೆ, ಓಣಿಯ ನಲ್ಲಿ, ಬಸ್ಸಿಗೆ ಅಡ್ಡ ನಿಂತ ಕುರಿಮಂದೆ, ಕಂಡದ್ದನ್ನೆಲ್ಲ ತೆಗೆದ. ಫೋಟೋ ಬರುತ್ತಿದ್ದವು, ಕಾಟವೂ ಬರುತ್ತಿತ್ತು. ಇಷ್ಟು ವರ್ಷ ಅವನು ಕ್ಯಾಮೆರಾ ಎತ್ತಿದರೆ ಜನ ಮಾತು ನಿಲ್ಲಿಸುತ್ತಿದ್ದರು. ಈಗ ಮುಖ ಕಂಡು ಮಾತಾಡಿಸಲು ಶುರುಮಾಡಿದರು. ಕುರಿ ಕಾಯುವ ಪಂಢರಿ, ಭಾಳ ಸೊರಗೀರಿ ಎಂದು ನಡುರಸ್ತೆಯಲ್ಲಿ ನಿಲ್ಲಿಸಿ, ಕುರಿಗಳನ್ನು ಬಿಟ್ಟು, ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟ. ಬೇಡವೆಂದರೂ ಬಿಡಲಿಲ್ಲ. ಸುಶೀಲಕುಮಾರ ತಿಂದ. ರುಚಿ ಗೊತ್ತಾಗಲಿಲ್ಲ.

ಮದುವೆ ಔರಾದದಲ್ಲಿ, ಅಮೋಲ್‌ನ ಮನೆಯ ಮುಂದಿನ ಪೆಂಡಾಲಿನಲ್ಲಿ ನಡೆಯಿತು. ಬುದ್ಧ ಮತ್ತು ಬಾಬಾಸಾಹೇಬರ ಫೋಟೋಗಳ ಮುಂದೆ ಮೇಣಬತ್ತಿ ಹಚ್ಚಿದ್ದರು. ಸ್ವಲ್ಪ ಈಚೆಗೆ ಮಾಲೆ ಹಾಕಿದ ವಿಶಾಖಾಳ ಫೋಟೋ. ಅದನ್ನು ತೆಗೆದವನೂ ಅವನೇ. ಸವತಿನ್ನ ಇಳಸ್ರಿ ಎಂದು ಬೈಯುತ್ತಲೇ ನಕ್ಕಾಗ ಸಿಕ್ಕಿದ್ದು. ಫೋಟೋ ಕೆಲಸಕ್ಕೆ ಅಮಿತಕುಮಾರ ಬೀದರದಿಂದ ಬಂದಿದ್ದ. ಬಿಳಿ ಸೀರೆಯ ಕಾಜಲ, ಪಕ್ಕದಲ್ಲಿ ಅಪ್ಪ, ಕೈಯಲ್ಲಿ ಸಣ್ಣ ಕ್ಯಾಮೆರಾ.

ತ್ರಿಶರಣ, ಪಂಚಶೀಲದ ಪಠಣ ಮುಗಿಯಿತು. ಹಾರ ಬದಲಾದವು, ಜನ ಹೂವಿನ ಎಸಳು ಎರಚಿದರು. ಸುಶೀಲಕುಮಾರ ಎದೆಯ ಮುಂದೆ ಕ್ಯಾಮೆರಾ ಹಿಡಿದು ಪರದೆಯಲ್ಲಿ ಮಗಳನ್ನು ನೋಡುತ್ತಿದ್ದ. ಆ ಪರದೆಯ ಮೇಲೆ ಒಂದು ಹನಿ ಬಿತ್ತು, ಸರಿಯಾಗಿ ಅವಳ ಹಣೆಯ ಮೇಲೆ. ಮಳೆಯೇನೋ ಎಂದು ತಲೆಯೆತ್ತಿದ. ಪೆಂಡಾಲಿನ ಬಟ್ಟೆ ಒಣಗಿತ್ತು, ಅದರಾಚೆ ಸುಡುಬಿಸಿಲು. ಯಾರೋ ಅತ್ತರಿನ ನೀರು ಚಿಮುಕಿಸಿರಬೇಕು ಎಂದುಕೊಂಡು ಹೆಬ್ಬೆರಳಿನಿಂದ ಒರೆಸಿದ. ಮತ್ತೊಂದು ಬಿತ್ತು. ಅದನ್ನೂ ಒರೆಸಿದ. ಹನಿಗಳು ತನ್ನ ಗದ್ದದಿಂದಲೇ ಬೀಳುತ್ತಿವೆ ಎಂದು ಅಂಗಿಯ ಕಾಲರು ತಣ್ಣಗಾದಾಗ ತಿಳಿಯಿತು.

ಥಟ್ಟನೆ ಕ್ಯಾಮೆರಾವನ್ನು ಕಣ್ಣಿಗೆ ಎತ್ತಿದ. ಅಲ್ಲಿ ಕಿಂಡಿ ಇರಲಿಲ್ಲ. ಒದ್ದೆ ಗಾಜು ಮೂಗಿಗೆ ತಾಗಿ ಜಾರಿತು.

ಕಾಜಲ ಅದನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿ ಅವನದೇ ಕಿಸೆಗೆ ಹಾಕಿದಳು. ಅವನ ರಟ್ಟೆ ಹಿಡಿದುಕೊಂಡಳು. ಎದುರಿಗೆ ಅಮಿತಕುಮಾರ ಕ್ಯಾಮೆರಾ ಎತ್ತಿ ಕಾಯುತ್ತಿದ್ದ.

“ಜರಾ ಈ ಕಡಿ ನೋಡಪ್ಪಾ,” ಎಂದಳು ಕಾಜಲ.

ಸುಶೀಲಕುಮಾರ ಕಣ್ಣು ಒರೆಸಿಕೊಳ್ಳದೆ ಆ ಕಡೆ ನೋಡಿದ.