ಜವರಪ್ಪನ ಕೆಸರು ಟೈರು

ಹೊಂಗಡಹಳ್ಳದ ಜವರಪ್ಪನಿಗೆ ಐವತ್ತೆರಡು ವರ್ಷ, ಅವನ ಪಿಕಪ್ಪಿಗೆ ಇಪ್ಪತ್ತೊಂದು. ಇಬ್ಬರಲ್ಲಿ ಬೆಳಗ್ಗೆ ಎದ್ದು ಯಾರು ಹೆಚ್ಚು ಕೆಮ್ಮುತ್ತಾರೆ ಎಂದು ಹೇಳುವುದು ಕಷ್ಟ. ಆದರೂ ಹನ್ನೆರಡು ವರ್ಷದಿಂದ ಕಾಫಿ ಕುಯ್ಲು ಶುರುವಾಯಿತೆಂದರೆ ಊರಿನ ಹದಿನಾಲ್ಕು ಹೆಂಗಸರನ್ನು ಹೆತ್ತೂರು ಕಡೆಯ ಎಸ್ಟೇಟಿಗೆ ಬಿಟ್ಟು, ಸಂಜೆ ಕರೆತರುವ ಕೆಲಸ ಅವನದೇ. ಅವನ ಹೆಂಡತಿ ಗಂಗಾಮಣಿಯೂ ಆ ಗುಂಪಿನವಳೇ. ಗುಂಪು ಕೈಬಿಟ್ಟರೆ ಪಿಕಪ್ಪು ಶೆಡ್ಡಿನಲ್ಲಿ ಕೋಳಿ ಕೂರುವುದಕ್ಕೇ ಸರಿ. ಜೀಪಿಟ್ಟುಕೊಂಡ ಬಾಲು ಎರಡು ವರ್ಷದಿಂದ ಆ ಗುಂಪಿನ ಮೇಲೆ ಕಣ್ಣು ಹಾಕಿ ಕೂತಿದ್ದ.

ಇಂಥ ಹೊತ್ತಿನಲ್ಲಿ ಜವರಪ್ಪನಿಗೆ ಟೈರಿನ ಹುಚ್ಚು ಹಿಡಿಯಿತು. ಕಳೆದ ಮಳೆಗಾಲ ಬಿಸ್ಲೆ ರಸ್ತೆಯ ಏರಿನಲ್ಲಿ ಅವನ ಗಾಡಿ ಹೂತುಕೊಂಡಿತ್ತು. ಕೆಸರಲ್ಲಿ ಜೀಪು ಕುಣಿಸಲು ಬಂದಿದ್ದ ಬೆಂಗಳೂರಿನ ಹುಡುಗರು ಹಗ್ಗ ಕಟ್ಟಿ ಎಳೆದರು. ಎಳೆದರೆ ಎಳೆದುಕೊಳ್ಳಲಿ, ಅದರ ವಿಡಿಯೋ ಮಾಡಿಕೊಂಡು, "ಅಂಕಲ್, ಟೈರ್ ಚೇಂಜ್ ಮಾಡಿ" ಎಂದು ಬುದ್ಧಿ ಬೇರೆ ಹೇಳಿಹೋದರು. ಆ ಅಂಕಲ್ ಎನ್ನುವ ಮಾತು ಜವರಪ್ಪನ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಉರಿಯಿತು.

ಡಿಸೆಂಬರಿನಲ್ಲಿ, ಕುಯ್ಲಿಗೆ ನಾಲ್ಕು ದಿನ ಮುಂಚೆ, ಸಕಲೇಶಪುರದ ಟೈರಂಗಡಿಗೆ ಹೋದ. ಅಂಗಡಿಯ ಶಿವಯ್ಯ ಗಾಡಿ ಸುತ್ತ ಒಂದು ಸುತ್ತು ಬಂದು ಹೇಳಿದ, "ಹಳೇ ಗಾಡಿ ಕಣ್ರೀ. ಒಂದು ಸೈಜು ದಪ್ಪ ಹಾಕ್ಸಿ, ಸಾಕು. ಇನ್ನೂ ದೊಡ್ಡದಾದ್ರೆ ಮಡ್‌ಗಾರ್ಡಿಗೆ ಉಜ್ತದೆ, ಏರಲ್ಲಿ ಇಂಜಿನ್ ಎಳಿಯಕಿಲ್ಲ."

"ಉಜ್ಜಿದ್ರೆ ಮಡ್‌ಗಾರ್ಡ್ ಕುಯ್ದು ಬಿಸಾಕು ಮಾರಾಯ. ಆ ಹುಡುಗ್ರ ಜೀಪಲ್ಲಿದ್ವಲ್ಲ, ಅದಕ್ಕಿಂತ ಒಂದು ಬೆರಳಾದ್ರೂ ದೊಡ್ಡದು ಬೇಕು ನಂಗೆ."

ಶಿವಯ್ಯ ಟೈರು ಮಾರಲು ಕೂತವನು, ಬೇಡ ಎಂದು ಎಷ್ಟು ಸಲ ಹೇಳಿಯಾನು! ಮಡ್‌ಗಾರ್ಡು ಕುಯ್ದರು, ಸ್ಪ್ರಿಂಗಿಗೆ ಪಟ್ಟಿ ಸೇರಿಸಿದರು, ಗಂಟುಗಂಟಿನ ನಾಲ್ಕು ಟೈರು ಹಾಕಿದರು. ಗಾಡಿ ಒಂದಡಿ ಮೇಲೆದ್ದಿತು. ಜವರಪ್ಪ ಎರಡಡಿ.

ಕುಯ್ಲಿನ ಮೊದಲ ದಿನ ಹೆಂಗಸರು ಬುತ್ತಿ ಹಿಡಿದು ಬಂದರು. ಮೊದಲೆಲ್ಲ ಹಿಂದಿನ ಬಂಪರ್ ಮೇಲೆ ಕಾಲಿಟ್ಟು ಹತ್ತುತ್ತಿದ್ದರು. ಈಗ ಬಂಪರ್ ಸೊಂಟದ ಮಟ್ಟಕ್ಕಿತ್ತು.

"ಇದೇನೋ ಜವರಪ್ಪ, ಗಾಡಿಗೆ ಮರಗಾಲು ಕಟ್ಟಿದ್ದೀಯ?" ಎಂದಳು ಗುಂಪಿನ ಹಿರಿಯಳು ದೇವೀರಮ್ಮ. ಅವಳಿಗೆ ಅರವತ್ತಮೂರು, ಎರಡೂ ಮಂಡಿ ನೋವು.

"ಆಫ್‌ರೋಡ್ ಟೈರು ಕಣಮ್ಮ. ಇನ್ನು ಎಂಥ ಕೆಸರಾದ್ರೂ ಹೋಗ್ಬುಡ್ತದೆ."

"ಕೆಸರು ಎಲ್ಲೈತೆ? ಮೂಗಿನ ತುಂಬ ಧೂಳೈತೆ."

ಜವರಪ್ಪ ಮೆಣಸು ಕುಯ್ಯುವ ಏಣಿ ತಂದು ಒರಗಿಸಿದ. ದೇವೀರಮ್ಮ ಎರಡನೇ ಮೆಟ್ಟಿಲಲ್ಲಿ ಮಂಡಿ ಹಿಡಿದುಕೊಂಡು, ಹತ್ತಲೂ ಆಗದೆ ಇಳಿಯಲೂ ಆಗದೆ ನಿಂತಳು. ಕೆಳಗಿನಿಂದ ಅವಳನ್ನು ನೂಕುತ್ತಿದ್ದ ಗಂಗಾಮಣಿ ಗಂಡನ ಕಡೆ ನೋಡಿದರೆ, ಪುಣ್ಯಾತ್ಮ ಟವೆಲ್ಲಿನಲ್ಲಿ ಟೈರು ಒರೆಸುತ್ತಿದ್ದ! "ನಿನ್ ಮನೆ ಕಾಯ್ವಾಗ, ಬಂದು ಕೈ ಕೊಡಬಾರ್ದಾ?" ಎಂದು ಕಿರುಚಿದಳು.

ಎಸ್ಟೇಟಿನ ಏರಿನಲ್ಲಿ, ಶಿವಯ್ಯ ಹೇಳಿದಂತೆಯೇ, ಇಂಜಿನ್ ನಿಂತುಹೋಯಿತು. ಎಲ್ಲರೂ ಗಾಡಿಯಲ್ಲೇ ಹಾಕಿಕೊಂಡು ಬಂದಿದ್ದ ಅದೇ ಏಣಿಯಲ್ಲಿ ಇಳಿದು ನಡೆದರು. ತೋಟ ಮುಟ್ಟುವಷ್ಟರಲ್ಲಿ ಹಣ್ಣು ಜೋತಾಡುವ ಸಾಲುಗಳನ್ನೆಲ್ಲ ಬೇರೆ ಗುಂಪಿನವರು ಹಿಡಿದುಬಿಟ್ಟಿದ್ದರು. ಕುಯ್ದಷ್ಟಕ್ಕೇ ಕೂಲಿ, ಇವರಿಗೆ ಉಳಿದದ್ದು ಬೋಳು ಗಿಡ. ಮೂರು ದಿನವೂ ಇದೇ ಪಾಡು.

ನಾಲ್ಕನೇ ದಿನ ಬೆಳಗ್ಗೆ ಪಿಕಪ್ಪಿನ ಹತ್ತಿರ ಯಾರೂ ಬರಲಿಲ್ಲ. ಬಸ್‌ಸ್ಟಾಪಿನಲ್ಲಿ ಬಾಲುವಿನ ಜೀಪು ತುಂಬುತ್ತಿತ್ತು. ಜವರಪ್ಪ ಓಡಿದ.

"ಅಲ್ಲ ದೇವೀರಮ್ಮ, ಹನ್ನೆರಡು ವರ್ಷದಿಂದ ನಿಮ್ಮನ್ನ ಕರ್ಕಂಡೋಗಿವ್ನಿ!"

"ಹೌದು ಕಣಪ್ಪ. ಆದ್ರೆ ಟೈರ್ ತಗೊಳ್ಳೋವಾಗ ಆ ಹುಡುಗ್ರ ಜೀಪು ನೆನೆಸ್ಕಂಡೆ, ನಮ್ ಮಂಡಿ ನೆನೆಸ್ಕಳ್ನಿಲ್ಲ."

ಅಷ್ಟರಲ್ಲಿ ಗಂಗಾಮಣಿ ಬುತ್ತಿ ಹಿಡಿದು ಬಂದಳು. "ನೀನಾದ್ರೂ ನನ್ ಗಾಡಿಗೆ ಬಾರೇ" ಎಂದ. ಬೇಡಿಕೊಂಡ ಎಂದರೂ ಸರಿಯೇ.

ಅವಳು ಒಂದೇ ಹೆಜ್ಜೆಗೆ ಬಾಲುವಿನ ಜೀಪು ಹತ್ತಿ, ದೇವೀರಮ್ಮನ ಪಕ್ಕ ಜಾಗ ಮಾಡಿಕೊಂಡು ಕೂತಳು.

"ಹೊತ್ತಾದ್ರೆ ಸಾಲು ಹೋಗ್ಬುಡ್ತದೆ" ಎಂದಳು. "ಸಾರು ಒಲೆ ಮೇಲೈತೆ, ಬಿಸಿ ಮಾಡ್ಕಂಡು ಉಣ್ಣು."