ಹೆಸರಿಲ್ಲದ ಹತ್ತು ಸ್ಲೈಡುಗಳು

ಕಳೆದ ವಾರ ಹರಪನಹಳ್ಳಿಯ ಬಸ್ ನಿಲ್ದಾಣದಲ್ಲಿ ಯಾರದೋ ಚೀಲದೊಳಗಿದ್ದ ಫಿನಾಯಿಲ್ ಬಾಟಲಿ ಒಡೆಯಿತು. ಜನ ಮೂಗು ಮುಚ್ಚಿಕೊಂಡು ದೂರ ಸರಿದರು. ನಾನು ಮಾತ್ರ ಅಲ್ಲೇ ನಿಂತೆ. ಲ್ಯಾಬಿನಲ್ಲಿ ಕಫದ ಸ್ಲೈಡಿಗೆ ಹಾಕುವ ಕೆಂಪು ಬಣ್ಣವನ್ನು ಕಾಯಿಸಿದಾಗ ಹೆಚ್ಚುಕಡಿಮೆ ಅದೇ ವಾಸನೆ ಏಳುತ್ತದೆ. ಆ ವಾಸನೆಯ ಹಿಂದೆಯೇ ಅಕ್ಕ ನೆನಪಿಗೆ ಬಂದರು...

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಈ ಸೀಮೆಯ ಒಂದು ಖಾಸಗಿ ಲ್ಯಾಬಿನಲ್ಲಿ ನಾವಿಬ್ಬರೇ ಟೆಕ್ನಿಷಿಯನ್ನರಿದ್ದೆವು. ಅವರು ನನಗಿಂತ ಬಹಳ ದೊಡ್ಡವರು. ಸ್ಲೈಡಿಗೆ ಬಣ್ಣ ಹಾಕುವುದು ನನ್ನ ಕೆಲಸ. ಮೈಕ್ರೋಸ್ಕೋಪಿನಲ್ಲಿ ನೋಡಿ ವರದಿಗೆ ಸಹಿ ಹಾಕುವುದು ಅವರದು.

ನಮ್ಮ ಕೆಲಸ ಸರಿಯಿದೆಯೇ ಎಂದು ನೋಡಲು ದೂರದ ದೊಡ್ಡ ಪ್ರಯೋಗಾಲಯವೊಂದು ಆಗಾಗ ಬಣ್ಣ ಹಾಕದ ಹತ್ತು ಸ್ಲೈಡು ಕಳಿಸುತ್ತಿತ್ತು. ಹೆಸರಿಲ್ಲ, ಬರೀ ನಂಬರು. ಯಾವುದರಲ್ಲಿ ಕ್ಷಯದ ಕ್ರಿಮಿ ಇದೆ, ಯಾವುದರಲ್ಲಿ ಇಲ್ಲ ಎಂದು ನಾವು ಬರೆದು ಕಳಿಸಬೇಕು. ಸರಿಯುತ್ತರ ಅವರ ಹತ್ತಿರ ಇರುತ್ತಿತ್ತು.

"ಪರೀಕ್ಷಿ ಅಂತ ಬ್ಯಾರೆ ಥರ ಮಾಡಬ್ಯಾಡವಾ. ದಿನಾ ಹೆಂಗ ಮಾಡ್ತಿ, ಹಂಗ ಮಾಡು" ಎನ್ನುತ್ತಿದ್ದರು ಅಕ್ಕ.

ನಾನು ದಿನಾ ಮಾಡುವ ಹಾಗೆಯೇ ಮಾಡಿದೆ. ಬಣ್ಣ ಹಾಕಿದ ಸ್ಲೈಡನ್ನು ಉಗಿ ಏಳುವವರೆಗೆ ಕಾಯಿಸಿ, ಐದು ನಿಮಿಷ ಹಾಗೇ ಬಿಡಬೇಕು. ಇಲ್ಲದಿದ್ದರೆ ಕ್ರಿಮಿಗೆ ಬಣ್ಣ ಹಿಡಿಯುವುದಿಲ್ಲ. ನನಗೆ ಹಡಗಲಿ ಬಸ್ಸಿನ ಅವಸರ, ಮನೆಯಲ್ಲಿ ಮೊಲೆಗೂಸು. ಕೊಂಚ ಬಿಸಿಯಾಗುತ್ತಲೇ ತೊಳೆದುಬಿಡುತ್ತಿದ್ದೆ... ಆಗ ಕೆಲವು ತಿಂಗಳಿಂದ ಹಾಗೇ ನಡೆದಿತ್ತು.

ಫಲಿತಾಂಶ ಬಂತು. ಕ್ರಿಮಿ ಇದ್ದ ನಾಲ್ಕು ಸ್ಲೈಡುಗಳನ್ನು ನಾವು 'ಇಲ್ಲ' ಎಂದು ಬರೆದಿದ್ದೆವು. ಅಕ್ಕ ಆ ಕಾಗದವನ್ನು ಎರಡು ಸಲ ಓದಿದರು. ಎತ್ತಿಟ್ಟಿದ್ದ ಅವೇ ಸ್ಲೈಡುಗಳಿಗೆ ತಾವೇ ಕೂತು ಮತ್ತೆ ಬಣ್ಣ ಹಾಕಿ, ಗಡಿಯಾರ ನೋಡಿ ಕಾಯಿಸಿದರು. ಮೈಕ್ರೋಸ್ಕೋಪಿನಲ್ಲಿ ನೀಲಿಯ ನಡುವೆ ಕ್ರಿಮಿಗಳು ಸಣ್ಣ ಕೆಂಪು ಕಡ್ಡಿಗಳಾಗಿ ಎದ್ದು ಕಂಡವು.

"ಉಗಿ ಬರೋತನಕ ಕಾಸಿದ್ಯೇನವಾ?"

"ಕಾಸೀನ್ರಿ ಅಕ್ಕಾ."

ಅವರು ನನ್ನ ಮುಖ ನೋಡಿದರು. ಹಳೆಯ ರೋಗಿಗಳ ಸ್ಲೈಡಿನ ಡಬ್ಬಿಗಳನ್ನು ಕೆಳಗಿಳಿಸಿ, ಮೂರು ದಿನ ಕೂತು ಒಂದೊಂದಕ್ಕೂ ಮತ್ತೆ ಬಣ್ಣ ಹಾಕಿ ನೋಡಿದರು. ಕ್ಷಯವಿಲ್ಲ ಎಂದು ನಾವು ಬರೆದುಕೊಟ್ಟಿದ್ದ ಒಬ್ಬಾಕೆಯ ಸ್ಲೈಡಿನಲ್ಲಿ ಕ್ರಿಮಿ ಸಿಕ್ಕವು. ಚಿಗಟೇರಿ ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದವಳು. ಅಕ್ಕ ಅವತ್ತೇ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು.

ಬಾಗಿಲಲ್ಲಿ ಅವಳ ಗಂಡ ನಿಂತಿದ್ದ. "ಆಕಿ ಹೋಗಿ ತಿಂಗಳಾತ್ರಿ" ಎಂದ. "ಟಿಬಿ ಇಲ್ಲ ಅಂತ ನೀವ ಬರದು ಕೊಟ್ರಿ. ಆ ಚೀಟಿ ನಂಬಿ ದೊಡ್ಡ ದವಾಖಾನಿಗೆ ಹೋಗಲಿಲ್ಲ. ಬರೇ ಕೆಮ್ಮಿನ ಔಷಧಿ ಕುಡಕೊಂತ ಕುಂತ್ಲು."

ಅವನ ಬೆನ್ನ ಹಿಂದೆ ಹತ್ತು ಹನ್ನೊಂದರ ಮಗಳೊಬ್ಬಳು ಕೆಮ್ಮುತ್ತಿದ್ದಳು.

ಅಕ್ಕ ಕೈಮುಗಿದರು. "ತಪ್ಪು ನಂದಣ್ಣಾ. ನೋಡಿದಾಕಿ ನಾನ, ಸಹಿ ಮಾಡಿದಾಕಿ ನಾನ."

ನಾನು ಪಕ್ಕದಲ್ಲೇ ನಿಂತಿದ್ದೆ. ಸರಿಯಾಗಿ ಕಾಯಿಸದೆ ತೊಳೆದವಳು ನಾನು ಎಂದು ಹೇಳಲಿಲ್ಲ.

ಹುಡುಗಿಯನ್ನು ಅಕ್ಕನೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ತೋರಿಸಿದರು. ಅವಳಿಗೂ ರೋಗ ಹತ್ತಿತ್ತು. ಗುಣವಾದಳೋ ಇಲ್ಲವೋ... ವಿಚಾರಿಸುವ ಧೈರ್ಯ ನನಗೆ ಬರಲಿಲ್ಲ.

"ಸತ್ತಾಕಿಗೆ ಹೊಸ ವರದಿ ಯಾಕ್ರಿ? ಲ್ಯಾಬಿನ ಹೆಸರು ಹಾಳಾಕ್ಕತಿ" ಎಂದು ಮಾಲೀಕರು ರೇಗಿದರು. ಅಕ್ಕ ಕೇಳಲಿಲ್ಲ. ತಿದ್ದಿದ ವರದಿ ಬರೆದು, ಸಹಿ ಹಾಕಿ, ಆ ಮನೆಗೆ ಮುಟ್ಟಿಸಿದರು. ಮರುವಾರವೇ ಅವರ ಕೆಲಸ ಹೋಯಿತು. ಸುದ್ದಿ ಹಬ್ಬಿದ್ದರಿಂದ ಬೇರೆ ಯಾವ ಲ್ಯಾಬಿನವರೂ ಅವರನ್ನು ಕರೆಯಲಿಲ್ಲ. ಕೊಟ್ಟೂರಿನಲ್ಲಿ ತಂಗಿಯ ಮನೆ ಸೇರಿ ಬಟ್ಟೆ ಹೊಲಿಯುತ್ತಿದ್ದಾರೆ ಎಂದು ಕೇಳಿದೆ. ಅವರ ಕುರ್ಚಿ ನನಗೆ ಬಂತು. ಹೋಗಬೇಕು, ಎದುರಿಗೆ ಕೂತು ನಿಜ ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ವರ್ಷಗಳು ಸರಿದವು.

ಅವತ್ತು ಆ ಬಸ್ ನಿಲ್ದಾಣದಿಂದ ಮನೆಗೆ ಹೋಗದೆ ಕೊಟ್ಟೂರಿಗೆ ಹೋದೆ. ಬಾಗಿಲು ತೆರೆದದ್ದು ಅವರ ತಂಗಿ. ಅಕ್ಕ ತೀರಿಕೊಂಡು ಎಂಟು ತಿಂಗಳಾಗಿತ್ತು.

"ನಿಮ್ಮನ್ನ ಭಾಳ ನೆನಸ್ತಿದ್ಲು" ಎನ್ನುತ್ತ ಆಕೆ ಚಹಾ ತಂದುಕೊಟ್ಟರು. ಎದುರಿಗೆ ಕೂತು ಕೇಳಿದರು. "ನನ್ನಿಂದ ಒಂದು ಜೀವ ಹೋತು ಅಂತ ಕಡೀತನಕ ಅಳ್ತಿದ್ಲು. ನೀವು ಜತಿಗಿದ್ರಿ. ಖರೇ ಹೇಳ್ರಿ, ಅದು ನಮ್ಮಕ್ಕನ ತಪ್ಪೇನು?"

ನನಗೆ ನೆನಪಿಲ್ಲ ಎಂದುಬಿಟ್ಟೆ.